ಬಿದ್ರಿಯ ಕಪ್ಪು ಎಲ್ಲಿಂದ ಬರುತ್ತದೆ?

ನಮ್ಮ ಮನೆಯಲ್ಲಿ ಒಂದು ಪುಟ್ಟ ಬಿದ್ರಿ ಡಬ್ಬಿ, ಅಂದರೆ ಲೋಹದ ಮೈಯಲ್ಲಿ ಬೆಳ್ಳಿ ಕೂರಿಸಿದ ಬೀದರ್ ಕಡೆಯ ಡಬ್ಬಿ ಇದೆ. ಅಂಗೈ ಅಗಲದ್ದು. ಕಡುಗಪ್ಪು ಮೈ, ಮುಚ್ಚಳದ ಮೇಲೆ ಬೆಳ್ಳಿಯ ಬಳ್ಳಿ. ದೊಡ್ಡಮ್ಮನ ಮದುವೆಗೆ ಬೀದರ್ ಕಡೆಯ ನೆಂಟರೊಬ್ಬರು ಕೊಟ್ಟಿದ್ದು. ಒಂದು ಸಲ ಹಬ್ಬದ ಹಿಂದಿನ ದಿನ ಪೂಜೆ ಪಾತ್ರೆಗಳನ್ನೆಲ್ಲ ಹೊರಗೆ ಹಾಕಿಕೊಂಡು ತೊಳೆಯುವಾಗ ಈ ಡಬ್ಬಿಗೂ ಹುಣಸೆಹಣ್ಣು ಬಿತ್ತು. ಹಿತ್ತಾಳೆ ಚೊಂಬು ಫಳಫಳ ಹೊಳೆಯಿತು. ಡಬ್ಬಿಯ ಕಪ್ಪು ಮಾತ್ರ ಹೋಯಿತು. ಬೂದಿ ಬಣ್ಣದ ಲೋಹ ಉಳಿಯಿತು. ಬಳ್ಳಿ ಅಲ್ಲೇ ಇತ್ತು, ಆದರೆ ಬೂದಿಯ ಮೇಲೆ ಬೆಳ್ಳಿ ಕಣ್ಣಿಗೆ ಕಾಣುವುದೇ ಕಷ್ಟವಾಯಿತು.

ಅವತ್ತು ಹುಟ್ಟಿದ ಪ್ರಶ್ನೆ ಇದು. ಆ ಕಪ್ಪು ಬಣ್ಣವೋ, ಲೋಹದ್ದೇ ಗುಣವೋ? ಬಣ್ಣವಾದರೆ ಚಕ್ಕೆ ಎದ್ದು ಹೋಗಬೇಕಿತ್ತು. ಲೋಹದ ಗುಣವಾದರೆ ತಿಕ್ಕಿದಷ್ಟಕ್ಕೇ ಹೋಗಬಾರದಿತ್ತು, ಅಲ್ವಾ?

ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿತು. ಅಲ್ಲಿಂದ ಬಿದ್ರಿ ಅಂಗಡಿಗೆ ಹೋದವರು ಮೊದಲು ಕೇಳುವ ಮಾತು, "ಇದರಲ್ಲಿ ಬೆಳ್ಳಿ ಎಷ್ಟಿದೆ?" ಕೇಳುವುದು ತಪ್ಪಲ್ಲ. ಆದರೆ ಬಿದ್ರಿಯಲ್ಲಿ ಏನೇನಿದೆ ಅಂತ ಗೊತ್ತಾದ ಮೇಲೆ ಬೆಳ್ಳಿಯ ಲೆಕ್ಕ ಎಷ್ಟು ಚಿಕ್ಕದು ಅಂತ ತಿಳಿಯುತ್ತದೆ. ಬುಡದಿಂದ ನೋಡೋಣ.

ಮೊದಲು ಲೋಹ

ಬಿದ್ರಿಯ ಮೈ ಸತುವಿನದು. ಮನೆ ಮೇಲಿನ ತಗಡಿನ ಶೀಟಿಗೆ ತುಕ್ಕು ಹಿಡಿಯದಿರಲಿ ಅಂತ ಲೇಪಿಸುತ್ತಾರಲ್ಲ, ಆ ಲೋಹವೇ ಸತು. ಟಾರ್ಚಿಗೆ ಹಾಕುವ ಹಳೇ ಕಾಲದ ಸೆಲ್ಲಿನ ಹೊರಗಿನ ಡಬ್ಬವೂ ಸತುವಿನದೇ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸುತ್ತಾರೆ. ಮನೆಯ ಹಿತ್ತಾಳೆ ಕೂಡ ಇದೇ ಎರಡು ಲೋಹಗಳ ಬೆರಕೆ. ಅದರಲ್ಲಿ ತಾಮ್ರ ಜಾಸ್ತಿ, ಸತು ಕಡಿಮೆ. ಬಿದ್ರಿಯಲ್ಲಿ ಲೆಕ್ಕ ತಲೆಕೆಳಗು. ಆ ಒಂದು ಪಾಲು ತಾಮ್ರವನ್ನು ನೆನಪಿಟ್ಟುಕೊಳ್ಳಿ. ಅದರ ಕೆಲಸ ಕೊನೆಯಲ್ಲಿದೆ.

ಸತು 419 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ತಾಮ್ರಕ್ಕೆ 1085 ಡಿಗ್ರಿ ಬೇಕು. ಆದರೆ ಅಷ್ಟು ಬಿಸಿ ಮಾಡುವ ಅಗತ್ಯವಿಲ್ಲ. ಬಿಸಿ ನೀರಿಗೆ ಹಾಕಿದ ಬೆಲ್ಲದ ಹಾಗೆ, ಕರಗಿದ ಸತುವಿನೊಳಗೆ ತಾಮ್ರ ನಿಧಾನವಾಗಿ ಕರಗಿ ಬೆರೆಯುತ್ತದೆ.

ಈ ಸತುವಿಗೆ ಒಂದು ಸ್ವಭಾವವಿದೆ. ಅದಿರಿನಿಂದ ಬೇರ್ಪಡಿಸಲು ಬೇಕಾದ ಬಿಸಿಯಲ್ಲಿ ಅದು ದ್ರವವಾಗಿ ನಿಲ್ಲುವುದಿಲ್ಲ. 907 ಡಿಗ್ರಿಗೇ ಆವಿಯಾಗುತ್ತದೆ. ಆವಿ ಗಾಳಿಗೆ ಸೋಕಿದರೆ ಉರಿದು ಬಿಳಿ ಪುಡಿಯಾಗುತ್ತದೆ. ಹೀಗಾಗಿ ಜಗತ್ತಿನ ಬಹುಪಾಲು ಜನರಿಗೆ ತಾಮ್ರ, ಕಬ್ಬಿಣ ಸಾವಿರಾರು ವರ್ಷ ಮೊದಲೇ ಸಿಕ್ಕಿದರೂ ಸತು ಸಿಕ್ಕಿದ್ದು ತುಂಬ ತಡವಾಗಿ. ಉದಯಪುರದ ಹತ್ತಿರದ ಜಾವರ್‌ನಲ್ಲಿ ಇದಕ್ಕೊಂದು ದಾರಿ ಹುಡುಕಿದ್ದರು. ಬದನೆಕಾಯಿ ಆಕಾರದ ಮಣ್ಣಿನ ಪಾತ್ರೆಯೊಳಗೆ ಅದಿರು ತುಂಬಿ, ಬಾಯಿ ಕೆಳಗೆ ಮಾಡಿ ಸುಡುತ್ತಿದ್ದರು. ಆವಿ ಕೆಳಗಿಳಿದು ತಣ್ಣಗಾಗಿ ಹನಿಯಾಗುತ್ತಿತ್ತು. ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ನೀರು ಹನಿಯುವುದನ್ನು ತಲೆಕೆಳಗಾಗಿ ನೋಡಿದಂತೆ. ಬಿದ್ರಿಯಂಥ ಕಲೆ ನಮ್ಮ ದೇಶದಲ್ಲಿ ಬೆಳೆಯಲು ಈ ಜ್ಞಾನವೂ ಒಂದು ಅಡಿಪಾಯ ಅಂತ ನನಗೆ ಅನಿಸುತ್ತದೆ.

ಮಣ್ಣಿನ ಅಚ್ಚು, ಅರದ ಕೆಲಸ

ತಾಮ್ರದ ಕೊಡವನ್ನು ಬಡಿದು ಬಡಿದು ರೂಪ ಕೊಡಬಹುದು. ಬಿದ್ರಿ ಲೋಹವನ್ನು ಹಾಗೆ ಬಡಿದರೆ ಒಡೆಯುತ್ತದೆ. ಅದು ಪೆಡಸು. ಕೈತಪ್ಪಿ ನೆಲಕ್ಕೆ ಬಿದ್ದರೂ ಸೀಳಬಹುದು. ಅದಕ್ಕೇ ಎರಕ ಹೊಯ್ಯುತ್ತಾರೆ. ಕೆಂಪು ಮಣ್ಣಿಗೆ ರಾಳ, ಹರಳೆಣ್ಣೆ ಸೇರಿಸಿ ಹದ ಮಾಡಿ ಅಚ್ಚು ತಯಾರಿಸುತ್ತಾರೆ. ಎಣ್ಣೆ ಮತ್ತು ರಾಳದ ಅಂಟಿಗೆ ಮಣ್ಣು ಒತ್ತಿದ ಆಕಾರವನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಹೂಜಿಯಂಥ ಟೊಳ್ಳು ವಸ್ತುವಾದರೆ ಒಳಗೂ ಮಣ್ಣಿನ ತಿರುಳು ಇಡಬೇಕು. ಹೊರಗಿನ ಅಚ್ಚಿಗೂ ತಿರುಳಿಗೂ ನಡುವೆ ಉಳಿದ ಸಂದಿಯೇ ಹೂಜಿಯ ಗೋಡೆ.

ಅಚ್ಚಿನಿಂದ ಹೊರಬಂದ ವಸ್ತು ಒರಟಾಗಿರುತ್ತದೆ, ಮಂಕಾಗಿರುತ್ತದೆ. ಅರದಿಂದ ಉಜ್ಜಿ, ಉಜ್ಜುಕಾಗದದಿಂದ ತಿಕ್ಕಿ ನುಣ್ಣಗೆ ಮಾಡುತ್ತಾರೆ. ಆಗ ಅದಕ್ಕೆ ಬರುವುದು ಬೂದಿ ಮಿಶ್ರಿತ ಬಿಳಿ. ಹುಣಸೆಹಣ್ಣು ಬಿದ್ದ ಮೇಲೆ ನಮ್ಮ ಡಬ್ಬಿಗೆ ಬಂದಿದ್ದ ಬಣ್ಣ ಅದೇ.

ಒಂದು ತಾತ್ಕಾಲಿಕ ಕಪ್ಪು

ಬಿದ್ರಿಯ ಮೇಲೆ ಕಪ್ಪು ಎರಡು ಸಲ ಬರುತ್ತದೆ. ಮೊದಲನೆಯದು ಸುಮ್ನೆ ಬಂದು ಹೋಗುವ ನೆಂಟ.

ನುಣ್ಣನೆಯ ಬಿಳಿ ಲೋಹದ ಮೇಲೆ ಗೆರೆ ಎಳೆದರೆ ಕಾಣುವುದಿಲ್ಲ. ಅದಕ್ಕೆ ಮೈಲುತುತ್ತದ ನೀರನ್ನು ಹಚ್ಚುತ್ತಾರೆ. ಅಡಿಕೆ ತೋಟದವರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಹಾಕುವ ಅದೇ ನೀಲಿ ಹರಳು. ಮೈಲುತುತ್ತದಲ್ಲಿ ತಾಮ್ರವಿದೆ. ಸತುವಿಗೆ ಸೋಕಿದ ಕೂಡಲೇ ಆ ತಾಮ್ರ ಬಿಟ್ಟುಕೊಂಡು ಸತುವಿನ ಮೇಲೆ ತೆಳುವಾದ ಕಪ್ಪು ಪೊರೆಯಾಗಿ ಕೂರುತ್ತದೆ. ಈಗ ಅದು ಶಾಲೆಯ ಸ್ಲೇಟಿನ ಹಾಗೆ. ಚೂಪಾದ ಮೊಳೆಯಂಥ ಉಪಕರಣದಿಂದ ಗೀರಿದರೆ ಬಿಳಿ ಗೆರೆ ಎದ್ದು ಕಾಣುತ್ತದೆ. ಹೂವು, ಬಳ್ಳಿ, ಎಲೆ, ಅಕ್ಷರ, ಎಲ್ಲವನ್ನೂ ಹೀಗೆ ಬರೆದುಕೊಳ್ಳುತ್ತಾರೆ. ಪಳಗಿದವರು ಎದುರಿಗೆ ನಕ್ಷೆಯನ್ನೇ ಇಟ್ಟುಕೊಳ್ಳದೆ ನೇರವಾಗಿ ಬರೆಯುತ್ತಾರೆ. ದುಂಡಗಿನ ಹೂಜಿಯ ಸುತ್ತ ಎಳೆದ ಬಳ್ಳಿ ಶುರುವಾದ ಜಾಗಕ್ಕೇ ಬಂದು ಸರಿಯಾಗಿ ಕೂಡಿಕೊಳ್ಳುತ್ತದೆ. ಅಳತೆಯೆಲ್ಲ ಕಣ್ಣಲ್ಲೇ.

ಕೆತ್ತನೆ ಮತ್ತು ಬೆಳ್ಳಿ

ಬಿದ್ರಿಯ ಜೀವ ಇರುವುದು ಈ ಹಂತದಲ್ಲಿ. ಸಮಯ ಹೆಚ್ಚು ಹೋಗುವುದೂ ಇಲ್ಲಿಯೇ.

ಗೆರೆ ಎಳೆದ ಜಾಗದಲ್ಲಿ ಸಣ್ಣ ಉಳಿ ಹಿಡಿದು, ಪುಟ್ಟ ಸುತ್ತಿಗೆಯಿಂದ ತಟ್ಟುತ್ತಾ ಕಾಲುವೆ ತೋಡುತ್ತಾರೆ. ಕಾಲುವೆ ಅಂದರೆ ಕೂದಲೆಳೆಗಿಂತ ಸ್ವಲ್ಪ ಅಗಲ. ಉಳಿಗಳು ಬೇರೆ ಬೇರೆ ಇರುತ್ತವೆ. ನೇರ ಗೆರೆಗೆ ಒಂದು, ಬಳುಕಿಗೆ ಇನ್ನೊಂದು, ಎಲೆಯ ತುದಿಯ ಚೂಪಿಗೆ ಮತ್ತೊಂದು. ಆಳ ಕಡಿಮೆಯಾದರೆ ಬೆಳ್ಳಿ ನಿಲ್ಲುವುದಿಲ್ಲ. ಜಾಸ್ತಿಯಾದರೆ ಬೆಳ್ಳಿ ಒಳಗೆ ಮುಳುಗಿಹೋಗುತ್ತದೆ. ಒಂದೇ ಗೆರೆಯಲ್ಲಿ ಆಳ ಹೆಚ್ಚು ಕಡಿಮೆಯಾದರೂ ಕೊನೆಗೆ ಉಜ್ಜುವಾಗ ಎಲ್ಲ ಬಯಲಾಗುತ್ತದೆ. ಬರೆದದ್ದನ್ನು ಅಳಿಸಬಹುದು, ತೋಡಿದ್ದನ್ನು ಅಳಿಸಲು ಬರುವುದಿಲ್ಲ.

ಇನ್ನು ಬೆಳ್ಳಿ. ಅದು ಅಪ್ಪಟವಾಗಿರಬೇಕು. ಆಭರಣದ ಬೆಳ್ಳಿಗೆ ಗಟ್ಟಿಯಾಗಲಿ ಅಂತ ತಾಮ್ರ ಬೆರೆಸುತ್ತಾರೆ. ಇಲ್ಲಿ ಬೇಕಾಗಿರುವುದು ಮೆತ್ತನೆಯ ಬೆಳ್ಳಿ. ತೂತುಗಳಿರುವ ಉಕ್ಕಿನ ತಗಡಿನಲ್ಲಿ ಬೆಳ್ಳಿಯನ್ನು ತೂರಿಸಿ ಎಳೆಯುತ್ತಾರೆ. ಮೊದಲು ದೊಡ್ಡ ತೂತು, ಆಮೇಲೆ ಅದಕ್ಕಿಂತ ಚಿಕ್ಕದು, ಮತ್ತೆ ಇನ್ನೂ ಚಿಕ್ಕದು. ಶಾವಿಗೆ ಒರಳಿನ ನೆನಪಾಗುತ್ತದೆ. ಅಲ್ಲಿ ಮೇಲಿಂದ ಒತ್ತುತ್ತೇವೆ, ಇಲ್ಲಿ ಇನ್ನೊಂದು ಬದಿಯಿಂದ ಎಳೆಯುತ್ತಾರೆ. ಕೊನೆಗೆ ನೂಲಿನಂಥ ತಂತಿ ಸಿಗುತ್ತದೆ.

ತಂತಿಯನ್ನು ಕಾಲುವೆಯ ಮೇಲಿಟ್ಟು ಮೆಲ್ಲಗೆ ತಟ್ಟುತ್ತಾ ಹೋಗುತ್ತಾರೆ. ಅಂಟಿಲ್ಲ, ಬೆಸುಗೆಯಿಲ್ಲ. ಹಾಗಾದರೆ ಅದು ಹೇಗೆ ನಿಲ್ಲುತ್ತದೆ? ಗುದ್ದಲಿಯ ಕಾವು ಸಡಿಲವಾದರೆ ಒಂದು ಬೆಣೆ ಹೊಡೆಯುತ್ತೇವಲ್ಲ, ಅದೇ ಉಪಾಯ. ಮೆತ್ತನೆಯ ಬೆಳ್ಳಿ ಸುತ್ತಿಗೆಯ ಏಟಿಗೆ ಅಗಲಗೊಂಡು ಕಾಲುವೆಯ ಎರಡೂ ಗೋಡೆಗಳನ್ನು ಒತ್ತಿ ಹಿಡಿಯುತ್ತದೆ. ನೂರಾರು ವರ್ಷಗಳ ಹಿಂದಿನ ಬಿದ್ರಿ ವಸ್ತುಗಳಲ್ಲಿ ಬೆಳ್ಳಿ ಇವತ್ತಿಗೂ ಹಾಗೇ ಕೂತಿದೆ.

ಕೂರಿಸುವ ಬಗೆಗಳಿಗೆ ಪಾರಸಿ ಮೂಲದ ಹೆಸರುಗಳಿವೆ. ತಂತಿ ಕೂರಿಸಿದರೆ ಅದು ತಾರ್‌ಕಶಿ. ತಾರ್ ಅಂದರೆ ತಂತಿ. ಎಲೆ, ಹೂದಳಗಳಂಥ ಅಗಲ ಜಾಗಕ್ಕೆ ಬೆಳ್ಳಿಯ ತಗಡನ್ನೇ ಕತ್ತರಿಸಿ ಹೂತರೆ ಅದು ತೆಹ್‌ನಿಶಾನ್. ತಗಡು ಮೈಯಿಂದ ಸ್ವಲ್ಪ ಉಬ್ಬಿ ನಿಂತರೆ ಜರ್‌ನಿಶಾನ್, ಎತ್ತರಕ್ಕೆ ಉಬ್ಬಿದರೆ ಜರ್‌ಬುಲಂದ್. ಇನ್ನೊಂದು ಅಫ್ತಾಬಿ. ಇದರಲ್ಲಿ ಲೆಕ್ಕ ಉಲ್ಟಾ. ಬೆಳ್ಳಿ ತಗಡಿನಲ್ಲೇ ಹೂವಿನ ಆಕಾರ ಕತ್ತರಿಸಿ ತೆಗೆದು, ಆ ತಗಡನ್ನು ಮೈಗೆ ಹೊದಿಸುತ್ತಾರೆ. ಹಾಗಾಗಿ ಹೂವು ಕಪ್ಪು, ಸುತ್ತಲಿನ ಬಯಲು ಬೆಳ್ಳಿ. ನೀವು ನೋಡುವ ಒಂದೇ ಹೂಜಿಯಲ್ಲಿ ಇವುಗಳಲ್ಲಿ ಎರಡು ಮೂರು ಬಗೆಗಳು ಸೇರಿರಬಹುದು.

ಬೆಳ್ಳಿ ಕೂತ ಮೇಲೆ ಮತ್ತೆ ಇಡೀ ವಸ್ತುವನ್ನು ಉಜ್ಜುತ್ತಾರೆ. ಮೊದಲಿನ ತಾತ್ಕಾಲಿಕ ಕಪ್ಪು ಅಳಿಸಿಹೋಗುತ್ತದೆ. ಆಗ ನೋಡಬೇಕು. ಬಿಳಿ ಮೈಯಲ್ಲಿ ಬಿಳಿ ಬೆಳ್ಳಿ. ದಿನಗಟ್ಟಲೆ ಕೂತು ಮಾಡಿದ ಕೆಲಸ ಹೆಚ್ಚುಕಮ್ಮಿ ಮಾಯವಾಗಿರುತ್ತದೆ.

ಕೋಟೆಯ ಮಣ್ಣು

ಈಗ ಎರಡನೇ ಕಪ್ಪು. ನಿಜವಾದ ಕಪ್ಪು.

ಬೀದರ್ ಕೋಟೆಯ ಒಳಗೆ ಬಿಸಿಲು, ಮಳೆ ಬೀಳದ ಹಳೆಯ ಜಾಗಗಳಿಂದ ಮಣ್ಣು ತರುತ್ತಾರೆ. ಎಲ್ಲ ಮಣ್ಣೂ ಆಗುವುದಿಲ್ಲ. ಸರಿಯಾದ ಮಣ್ಣು ಯಾವುದು ಅಂತ ನುರಿತವರು ಚಿಟಿಕೆ ಮಣ್ಣನ್ನು ನಾಲಿಗೆ ಮೇಲಿಟ್ಟು ಹೇಳುತ್ತಾರೆ. ಅದನ್ನು ನವಸಾಗರ ಅನ್ನುವ ಲವಣದ ಜೊತೆ ನೀರಿನಲ್ಲಿ ಕುದಿಸುತ್ತಾರೆ. ಬಿಸಿ ಮಾಡಿದ ಬಿದ್ರಿಗೆ ಆ ದ್ರಾವಣ ತಾಗಿದರೆ ಮೈಯೆಲ್ಲ ಕಡುಗಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅಷ್ಟು ಹೊತ್ತು ಅಡಗಿದ್ದ ಬಳ್ಳಿ ಕಪ್ಪಿನೊಳಗಿಂದ ಎದ್ದು ಬರುತ್ತದೆ.

ನೆರಳಿನ ಮಣ್ಣೇ ಯಾಕೆ? ಹಳೆಯ ಗೋಡೆ, ಹಳೆಯ ಕೊಟ್ಟಿಗೆಗಳ ಮಣ್ಣಿನಲ್ಲಿ ಕಾಲಕ್ರಮೇಣ ಪೆಟ್ಲುಪ್ಪಿನಂಥ ಲವಣಗಳು ಸೇರುತ್ತವೆ. ಕೊಳೆತ ವಸ್ತುಗಳಿಂದ ಮಣ್ಣಿನ ಸೂಕ್ಷ್ಮ ಜೀವಿಗಳು ಅವನ್ನು ತಯಾರಿಸುತ್ತವೆ. ಈ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಒಂದು ಜೋರು ಮಳೆ ಬಂದರೆ ತೊಳೆದುಹೋಗುತ್ತವೆ. ಚಾವಣಿಯ ಕೆಳಗಿನ ಮಣ್ಣಿನಲ್ಲಿ ಮಾತ್ರ ಶತಮಾನಗಳ ಕಾಲ ಉಳಿಯುತ್ತವೆ. ಪೆಟ್ಲುಪ್ಪಿಗೆ ನಾಲಿಗೆ ತಣ್ಣಗೆನಿಸುವ, ಉಪ್ಪುಪ್ಪಾದ ರುಚಿಯಿದೆ. ಹಿರಿಯರು ನಾಲಿಗೆಯಿಂದ ಮಾಡುತ್ತಿದ್ದದ್ದು ಒಂದು ಪರೀಕ್ಷೆಯೇ.

ಇನ್ನು ಕಪ್ಪು ಹೇಗೆ ಬರುತ್ತದೆ? ಈ ಲವಣ ಮತ್ತು ನವಸಾಗರ ಸೇರಿ ಮೇಲ್ಪದರದ ಸತುವನ್ನು ಕರಗಿಸುತ್ತವೆ. ಸತು ಬೇಗ ಕರಗುವ ಲೋಹ. ತಾಮ್ರ ಅಷ್ಟು ಸುಲಭಕ್ಕೆ ಜಾಗ ಬಿಡುವುದಿಲ್ಲ. ಸತು ಹೋದ ಕಡೆ ತಾಮ್ರ ಹೆಚ್ಚಿರುವ ಅತಿ ಸಣ್ಣ ಕಣಗಳ ಪದರ ಉಳಿಯುತ್ತದೆ. ಬೆಳಕು ಅದರೊಳಗೆ ಹೋದರೆ ವಾಪಸ್ ಬರುವುದು ಕಡಿಮೆ. ಕಪ್ಪು ಮಖಮಲ್ ಬಟ್ಟೆ ಕಪ್ಪು ಹತ್ತಿ ಬಟ್ಟೆಗಿಂತ ಇನ್ನಷ್ಟು ಕಪ್ಪಾಗಿ ಕಾಣುತ್ತದಲ್ಲ, ಹಾಗೆ. ಬರೀ ಸತುವಿನ ವಸ್ತುವಾಗಿದ್ದರೆ ಈ ಕಡುಗಪ್ಪು ಬರುತ್ತಿರಲಿಲ್ಲ, ಮಂಕು ಬೂದಿ ಅಷ್ಟೇ. ಶುರುವಿನಲ್ಲಿ ಹಾಕಿದ ಒಂದು ಪಾಲು ತಾಮ್ರದ ಕೆಲಸ ಇದು. ಬೆಳ್ಳಿ ಸತುವಿನಷ್ಟು ಸುಲಭಕ್ಕೆ ಬೇರೆಯದರ ಜೊತೆ ಸೇರುವ ಲೋಹವಲ್ಲ. ಹಾಗಾಗಿ ಈ ದ್ರಾವಣ ಅದರ ಬಣ್ಣ ಕೆಡಿಸುವುದಿಲ್ಲ.

ನಮ್ಮ ಡಬ್ಬಿಯ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಕಪ್ಪು ಮೇಲೆ ಬಳಿದ ಬಣ್ಣವಲ್ಲ, ಲೋಹದ ಮೈಯೇ ಬದಲಾಗಿ ಆದ ಪದರ. ಆದರೆ ಅದು ತುಂಬ ತೆಳು. ಹುಣಸೆಹಣ್ಣಿನ ಹುಳಿ ಹಿತ್ತಾಳೆಯ ಕಿಲುಬನ್ನು ತೆಗೆಯುವಂತೆ ಈ ಪದರವನ್ನೂ ತೆಗೆದುಬಿಡುತ್ತದೆ.

ಬೀದರ್ ಬಿಟ್ಟು ಬೇರೆಲ್ಲೂ ಈ ಕಪ್ಪು ಬರುವುದಿಲ್ಲ ಅಂತ ಹೇಳುವವರಿದ್ದಾರೆ. ಹೈದರಾಬಾದ್, ಲಖನೌ, ಬಿಹಾರದ ಪೂರ್ಣಿಯಾ, ಬಂಗಾಳದ ಮುರ್ಶಿದಾಬಾದ್‌ಗಳಲ್ಲೂ ಬಿದ್ರಿ ಕೆಲಸ ನಡೆದಿದೆ, ಅಲ್ಲೂ ಕಪ್ಪು ಬಂದಿದೆ. ಆದರೆ ಎಲ್ಲ ಕಡೆಯೂ ಅದಕ್ಕೆ ಇರುವ ಹೆಸರು ಬೀದರ್‌ನದೇ. ಬೀದರ್‌ನದು ಅಂದರೆ ಬಿದ್ರಿ.

ಬೀದರ್‌ಗೆ ಬಂದದ್ದು

ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದ ಮೊದಲ ಭಾಗದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಅವನ ಕಾಲದಲ್ಲಿ ಇರಾನಿನಿಂದ ಬಂದ ಕುಶಲಕರ್ಮಿಯೊಬ್ಬ ಈ ಕಲೆ ತಂದ ಅಂತ ಬೀದರ್‌ನಲ್ಲಿ ಕಥೆ ಹೇಳುತ್ತಾರೆ. ಹುಕ್ಕಾದ ತಳ, ಹೂಜಿ, ತಟ್ಟೆ, ಪಾನ್‌ದಾನ್, ಪೀಕದಾನಿ, ಹೀಗೆ ಅರಮನೆ ಮತ್ತು ಶ್ರೀಮಂತರ ಮನೆಯ ನಿತ್ಯದ ಸಾಮಾನುಗಳಲ್ಲಿ ಬಿದ್ರಿ ಬೆಳೆಯಿತು. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂಗಳಲ್ಲಿ ಹಳೆಯವನ್ನು ನೋಡಬಹುದು.

ಬೀದರ್ ಕೋಟೆಗೆ ಹೋದರೆ ರಂಗೀನ್ ಮಹಲನ್ನು ತಪ್ಪದೆ ನೋಡಿ. ಅಲ್ಲಿ ಕರಿಕಲ್ಲಿನಲ್ಲಿ ಗೆರೆ ತೋಡಿ ಕಪ್ಪೆಚಿಪ್ಪಿನ ಹೊಳಪಿನ ಒಳಪದರವನ್ನು ಕೂರಿಸಿದ್ದಾರೆ. ಕಪ್ಪಿನ ಮೇಲೆ ಬಿಳಿ ಬಳ್ಳಿ. ಲೋಹದ ಬದಲು ಕಲ್ಲು, ಬೆಳ್ಳಿಯ ಬದಲು ಚಿಪ್ಪು. ಈ ಊರಿನ ಕಣ್ಣಿಗೆ ಕಪ್ಪು ಬಿಳುಪಿನ ಈ ಜೋಡಿ ಎಷ್ಟು ಹಿಡಿಸಿತ್ತು ಅಂತ ಅಲ್ಲಿ ನಿಂತಾಗ ಗೊತ್ತಾಗುತ್ತದೆ.

ಒಂದು ಕೈ ಪಳಗುವುದು

ಬಿದ್ರಿಯನ್ನು ಮೊದಲಿಂದ ಕೊನೆವರೆಗೆ ಒಬ್ಬರೇ ಮಾಡುವುದು ಕಡಿಮೆ. ಎರಕದವರು ಬೇರೆ, ಕೆತ್ತುವವರು ಬೇರೆ, ಬೆಳ್ಳಿ ಕೂರಿಸುವವರು ಬೇರೆ ಇರುತ್ತಾರೆ. ಕಲಿಕೆ ಹೆಚ್ಚಾಗಿ ಮನೆಯಲ್ಲೇ, ಅಪ್ಪನ ಪಕ್ಕ ಕೂತು. ಅರ ಹಿಡಿಯುವುದರಿಂದ ಶುರುವಾಗಿ ನೇರ ಗೆರೆಗೆ ಬರಬೇಕು, ಆಮೇಲೆ ಬಳುಕು ಗೆರೆ. ಉಳಿಯ ತುದಿಯಲ್ಲಿ ಎಷ್ಟು ಆಳ ಹೋಗಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಸುತ್ತಿಗೆಯ ಸದ್ದು ಮತ್ತು ಬೆರಳಿಗೆ ಬರುವ ಅದುರು ಹೇಳಬೇಕು. ಅದನ್ನು ಮಾತಿನಲ್ಲಿ ಹೇಳಿಕೊಡಲು ಆಗುವುದಿಲ್ಲ. ವರ್ಷಗಳು ಬೇಕು.

ಬೀದರ್‌ನ ಷಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ತಂದೆಯಿಂದ ಈ ಕೆಲಸ ಕಲಿತವರು, ದಶಕಗಳಿಂದ ಇದರಲ್ಲೇ ಇರುವವರು. ಅವತ್ತು ಬಿದ್ರಿ ಅಂದರೇನು ಅಂತ ತುಂಬ ಜನ ಮೊದಲ ಸಲ ಹುಡುಕಿದರು. ಆ ಗೌರವ ಅವರ ಪಕ್ಕ ಕೂತು ಉಳಿ ಹಿಡಿದ ಎಲ್ಲರಿಗೂ ಸೇರುತ್ತದೆ ಅಂತ ನಾನು ನಂಬುತ್ತೇನೆ.

ಇದು ದೇಹಕ್ಕೆ ಸುಲಭದ ಕೆಲಸವೂ ಅಲ್ಲ. ಇಡೀ ದಿನ ಬಗ್ಗಿ ಕೂರಬೇಕು. ಕಣ್ಣು ಸೋಲುತ್ತದೆ. ಅರದ ಪುಡಿ ಗಾಳಿಯಲ್ಲಿರುತ್ತದೆ. ತೀರಾ ಬಿಸಿಯಾದ ಸತುವಿನಿಂದ ಏಳುವ ಬಿಳಿ ಹೊಗೆ ಒಳಗೆ ಹೋದರೆ ಜ್ವರ ಬಂದಂತಾಗುತ್ತದೆ. ಗಾಳಿ ಆಡುವ ಜಾಗ, ಒಳ್ಳೆಯ ಬೆಳಕು, ಮುಖಕ್ಕೆ ಮಾಸ್ಕ್ ಇವರಿಗೆ ತೀರಾ ಅಗತ್ಯ.

ಹಾಗಾದರೆ ಬೆಲೆ?

ಸಣ್ಣ ಲೆಕ್ಕ ಮಾಡೋಣ. ಬೆಳ್ಳಿ ಕಿಲೋಗೆ ಒಂದು ಲಕ್ಷ ಇದ್ದರೆ ಗ್ರಾಂಗೆ ನೂರು ರೂಪಾಯಿ. ಪುಟ್ಟ ಡಬ್ಬಿಯ ತಂತಿ ಕೆಲಸಕ್ಕೆ ಹತ್ತು ಗ್ರಾಂ ಹಿಡಿಯಿತು ಅಂತಲೇ ಇಟ್ಟುಕೊಳ್ಳಿ, ಸಾವಿರ ರೂಪಾಯಿ ಆಯಿತು. ಸತು, ತಾಮ್ರದ ಖರ್ಚು ಅದಕ್ಕಿಂತ ಎಷ್ಟೋ ಕಡಿಮೆ. ಉಳಿದದ್ದೆಲ್ಲ ಕೈಗಳ ಸಮಯ. ಎರಕ, ಅರ, ಗೀರು, ಕೆತ್ತನೆ, ತಂತಿ, ಉಜ್ಜು, ಕಪ್ಪು, ಇಷ್ಟೂ ಕೈ ದಾಟಿ ಬಂದ ವಸ್ತು ಅದು. ಒಂದೇ ಅಳತೆಯ ಎರಡು ಡಬ್ಬಿಗಳ ಬೆಲೆಯಲ್ಲಿ ತುಂಬ ವ್ಯತ್ಯಾಸ ಕಂಡರೆ ಗೆರೆಗಳನ್ನು ಎಣಿಸಿ ನೋಡಿ. ದಟ್ಟವಾದ ಸಣ್ಣ ಗೆರೆ ಅಂದರೆ ಜಾಸ್ತಿ ದಿನ.

ಬೆಳ್ಳಿ ದುಬಾರಿಯಾದಾಗ ಪೆಟ್ಟು ಮೊದಲು ಬೀಳುವುದು ಮಾಡುವವರ ಮೇಲೆ. ವಸ್ತು ಮಾರಾಟವಾಗುವ ಮೊದಲೇ ಬೆಳ್ಳಿ ಕೊಂಡಿಡಬೇಕು. ಬೆಲೆ ಏರಿಸಿದರೆ ಗಿರಾಕಿ ಹಿಂಜರಿಯುತ್ತಾರೆ. ಏರಿಸದಿದ್ದರೆ ಕೂಲಿಯಲ್ಲೇ ಕಡಿತ.

ಬಿದ್ರಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಟ್ಯಾಗ್ ಇದೆ. 2006ರಲ್ಲಿ ಸಿಕ್ಕಿತು. ಮೈಸೂರು ರೇಷ್ಮೆ, ನಂಜನಗೂಡು ರಸಬಾಳೆಗೆ ಇರುವಂಥದ್ದೇ. ಬೇರೆ ಕಡೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ ಅಂತ ಅದರ ಅರ್ಥ. ಆದರೂ ಕಪ್ಪು ಬಣ್ಣ ಬಳಿದು, ಬೆಳ್ಳಿ ಬಣ್ಣದ ಗೆರೆ ಹಾಕಿದ ವಸ್ತುಗಳು ಸಿಗುತ್ತವೆ. ಕೈಯಲ್ಲಿ ಹಿಡಿದು ನೋಡಿ. ಬಿದ್ರಿಗೆ ತೂಕವಿರುತ್ತದೆ. ಅದರ ಕಪ್ಪಿಗೆ ಪೇಂಟಿನ ಮಿಂಚು ಇರುವುದಿಲ್ಲ, ಒಳಗಿಂದ ಬಂದ ಹಾಗಿರುತ್ತದೆ. ತಾರ್‌ಕಶಿಯಲ್ಲಿ ಬೆಳ್ಳಿ ಗೆರೆಯ ಮೇಲೆ ಬೆರಳಾಡಿಸಿದರೆ ಏರು ತಗ್ಗು ಸಿಗುವುದಿಲ್ಲ.

ಮನೆಯಲ್ಲಿ ಇದ್ದರೆ

ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ, ಸ್ಟೀಲ್ ಉಜ್ಜು ಯಾವುದೂ ಬೇಡ. ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಮೈ ಮಂಕಾದರೆ ಒಂದು ಹನಿ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ಕಪ್ಪು ಮತ್ತೆ ಆಳವಾಗುತ್ತದೆ. ನೀರು ನಿಲ್ಲುವ ಜಾಗದಲ್ಲಿ ಇಡಬೇಡಿ. ಬೀಳಿಸಬೇಡಿ.

ಕಪ್ಪು ಪೂರ್ತಿ ಹೋಗಿದ್ದರೂ ಚಿಂತೆಯಿಲ್ಲ, ಮತ್ತೆ ಬರಿಸಬಹುದು. ನಮ್ಮ ಡಬ್ಬಿಯನ್ನು ಬೀದರ್‌ಗೆ ತೆಗೆದುಕೊಂಡು ಹೋಗಿ ಕೆಲಸ ಮಾಡುವ ಹಿರಿಯರೊಬ್ಬರ ಕೈಗೆ ಕೊಟ್ಟೆವು. "ಚಾಚಾ, ಬರೀ ಕಪ್ಪು ಮಾಡಿಕೊಟ್ಟರೆ ಸಾಕು" ಅಂದೆವು. ಅವರು ಮುಚ್ಚಳವನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದರು. ಬಳ್ಳಿಯ ಒಂದು ಎಳೆ ಕಿತ್ತುಹೋಗಿತ್ತು. ಇಷ್ಟು ವರ್ಷ ಮನೆಯಲ್ಲಿದ್ದರೂ ನಮ್ಮಲ್ಲಿ ಯಾರಿಗೂ ಅದು ಕಂಡಿರಲಿಲ್ಲ. ಅವರು ಮೊದಲು ಖಾಲಿ ಕಾಲುವೆಯನ್ನು ಉಳಿಯಿಂದ ಬಿಡಿಸಿದರು. ಉಗುರಿನಷ್ಟು ಉದ್ದದ ತಂತಿ ಕತ್ತರಿಸಿ ಕೂರಿಸಿ ತಟ್ಟಿದರು, ಉಜ್ಜಿದರು. ಆಮೇಲೆ ಮಣ್ಣಿನ ನೀರು.

ಈಗ ಯಾವ ಎಳೆ ಹೊಸದು ಅಂತ ನಾವು ಹುಡುಕಿದರೂ ಸಿಗುವುದಿಲ್ಲ.